ಮುಂಭಾರ, ಹಿಂಭಾರ

ಗಾಡಿಗೆ ಹುಲ್ಲು ಹೇರುವಾಗ ಒಬ್ಬರು ಮೇಲೆ ನಿಂತು ಹೊರೆ ಜೋಡಿಸಿದರೆ ಇನ್ನೊಬ್ಬರು ಮೂಕಿಯ ಹತ್ತಿರ ನಿಂತು ಭಾರ ನೋಡುತ್ತಿದ್ದರು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ತಿನ್ನುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ, ಎತ್ತು ಉಸಿರಿಗೆ ಒದ್ದಾಡುತ್ತದೆ. ಹಾಸನ ಸೀಮೆಯಲ್ಲಿ ಗಾಡಿ ಹೂಡಿ ಬಾಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಟ್ಟಿಗೆ ಚಕ್ರದ ಗಾಡಿ ಹೋಗಿ ಟೈರಿನ ಗಾಡಿ ಬಂತು, ಅದರ ಬೆನ್ನಿಗೇ ಟ್ರ್ಯಾಕ್ಟರು ಬಂತು. ಆದರೂ ಆ ತಿಳಿವಳಿಕೆ ಕೆಲವರ ಕೈಯಲ್ಲಿ ಇನ್ನೂ ಉಳಿದಿದೆ. ಅದು ನನ್ನ ಕಣ್ಣಿಗೆ ಬಿದ್ದದ್ದು, ಅಣ್ಣನ ಮಗ ಕೊರವಂಗಲದ ಮನೆಯ ಹಿತ್ತಿಲಲ್ಲಿ ಮಲಗುವ ಟ್ರೇಲರ್ ಒಂದನ್ನು ಕಟ್ಟಲು ಹೊರಟಾಗ.

ಕಾರಿನ ಹಿಂದೆ ಎಳೆದುಕೊಂಡು ಹೋಗುವ, ನೀರಿನ ಹನಿಯ ಆಕಾರದ ಪುಟ್ಟ ಮರದ ಗೂಡು ಅದು. ಇಂಗ್ಲಿಷಿನವರು ಟಿಯರ್‌ಡ್ರಾಪ್ ಎನ್ನುತ್ತಾರೆ. ಮುಂದೆ ದುಂಡಗೆ, ಹಿಂದಕ್ಕೆ ಇಳಿಜಾರು. ಒಳಗೆ ಇಬ್ಬರು ಮಲಗಬಹುದು, ನೆಟ್ಟಗೆ ನಿಲ್ಲುವಂತಿಲ್ಲ. ಹಿಂಬದಿಯ ಬಾಗಿಲನ್ನು ಮೇಲೆತ್ತಿದರೆ ಅದೇ ಅಡುಗೆಮನೆ, ಎತ್ತಿದ ಬಾಗಿಲೇ ಅದಕ್ಕೆ ಚಪ್ಪರ. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚು ಹಾಕಿತು. ಸಾಮಾನ್ಯ ಜನ ತಮ್ಮ ಶೆಡ್ಡುಗಳಲ್ಲಿ ತಾವೇ ಕಟ್ಟಿಕೊಂಡರು. ಇದರ ಅಳತೆ ಹುಟ್ಟಿದ್ದು ಪ್ಲೈವುಡ್ ಹಾಳೆಯಿಂದ. ಹಾಳೆ ಬರುವುದು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಗೂಡೂ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಪಕ್ಕಕ್ಕೆ ಒಂದೊಂದು ಹಾಳೆ, ವ್ಯರ್ಥ ಕಡಿಮೆ. ಬಡವರೂ ಕಟ್ಟಬಹುದಾದ ಲೆಕ್ಕ ಅದು, ನನಗೆ ಬಹಳ ಮೆಚ್ಚುಗೆಯಾದ ಲೆಕ್ಕ.

ಹುಡುಗ ನಕ್ಷೆಯನ್ನು ಫೋನಿನಲ್ಲಿ ತಂದಿದ್ದ. ಹಾಸನದಿಂದ 18 ಮಿಲಿಮೀಟರಿನ ಪ್ಲೈವುಡ್ ತಂದು ಇಳಿಸಿದ. ಒಂದೊಂದು ಹಾಳೆ ಸುಮಾರು 35 ಕಿಲೋ ತೂಗುತ್ತದೆ, ಒಬ್ಬರೇ ತಿರುಗಿಸುವುದು ಕಷ್ಟ. ಊರಿನ ಹಿರಿಯ ಆಚಾರ್ರನ್ನು ಕರೆದದ್ದು ಹಾಳೆ ಹಿಡಿಯುವುದಕ್ಕೆ ಒಂದು ಕೈ ಆಗಲಿ ಎಂದಷ್ಟೇ. ಅವರು ಬಂದರು, ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಅಡಿಗೆ ಸಾಮಾನು ಯಾವ ಕಡೀಕೆ ಕೂರ್ತದಪ್ಪಾ?”

“ಹಿಂದ್ಗಡೆ, ಆಚಾರ್ರೇ.”

“ಹಂಗಾದ್ರೆ ಅಚ್ಚನ್ನ ನಡುಮಧ್ಯಕ್ಕೆ ಇಡ್ಬೇಡ. ಹಿಂಭಾರ ಆಯ್ತದೆ.”

ನೀರಿನ ಕ್ಯಾನು ತುಂಬಿದರೆ ಅದೊಂದೇ 20 ಕಿಲೋ. ಒಲೆ, ಸಿಲಿಂಡರು, ಪಾತ್ರೆ, ಅಕ್ಕಿ ಬೇಳೆ ಎಲ್ಲವೂ ಹಿಂದೆಯೇ. ಆಚಾರ್ರು ಚಾಸಿಯ ಮೇಲೆ ಗೇಣು ಹಾಕಿ ಅಳೆದು, ನಡುವಿನಿಂದ ಹಿಂದಕ್ಕೆ ಸರಿದು ಸೀಮೆಸುಣ್ಣದಲ್ಲಿ ಗೀಟು ಎಳೆದರು. ಮುಂದಿನ ಕೊಂಡಿಯ ಮೇಲೆ ಎಷ್ಟು ಭಾರ ಬೀಳಬೇಕು ಎಂದು ಹುಡುಗ ಕೇಳಿದ. “ಒಬ್ಬ ಆಳು ಉಸ್ರು ಬಿಗಿ ಹಿಡ್ದು ಎತ್ತೋ ಹಂಗಿರ್ಬೇಕು” ಎಂದರು. ಟ್ರೇಲರ್ ಕಟ್ಟುವವರು ಹೇಳುವ ಲೆಕ್ಕ, ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲಿರಬೇಕು ಎಂದು. 500 ಕಿಲೋ ಬಂಡಿಗೆ 50ರಿಂದ 75 ಕಿಲೋ. ಒಬ್ಬ ಆಳು ಉಸಿರು ಬಿಗಿ ಹಿಡಿದು ಎತ್ತುವುದೂ ಅಷ್ಟೇ. ಅದಕ್ಕಿಂತ ಕಡಿಮೆಯಾದರೆ ವೇಗ ಏರುತ್ತಿದ್ದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ಎಳೆಯುವ ಕಾರನ್ನೂ ರಸ್ತೆಯಿಂದ ತಳ್ಳಬಲ್ಲದು. ಎತ್ತಾದರೆ ನಿಂತುಬಿಡುತ್ತಿತ್ತು, ಕಾರು ನಿಲ್ಲುವುದಿಲ್ಲ.

ಪಕ್ಕದ ಹಾಳೆಯ ಮೇಲೆ ಬಾಗು ಬರೆಯುವ ಕೆಲಸ ನಾನು ಕೂತು ನೋಡಿದೆ. ಕಂಪ್ಯೂಟರಿನಲ್ಲಿ ತೆಗೆದ ಅಂಕಿಗಳನ್ನು ಹುಡುಗ ಚುಕ್ಕಿ ಚುಕ್ಕಿಯಾಗಿ ಹಾಳೆಗೆ ಇಳಿಸಿದ. ಆಚಾರ್ರು ಬಿದಿರು ಗಳ ಸೀಳಿ, ಗಿಣ್ಣು ಕೆತ್ತಿ, ಉದ್ದಕ್ಕೂ ಒಂದೇ ದಪ್ಪ ಬರುವಂತೆ ಹೆರೆದು ದಬ್ಬೆ ಮಾಡಿಕೊಂಡರು. ಚುಕ್ಕಿಗೊಂದು ಮೊಳೆ ಹೊಡೆದು ದಬ್ಬೆಯನ್ನು ಅವಕ್ಕೆ ಒತ್ತಿ ಬಾಗಿಸಿದರು. ಎರಡು ಕಡೆ ದಬ್ಬೆ ಮೊಳೆಗೆ ತಾಗಲಿಲ್ಲ. ಅವರು ದಬ್ಬೆಯನ್ನು ಒತ್ತಲು ಹೋಗದೆ ಆ ಮೊಳೆಗಳನ್ನೇ ಕಿತ್ತು ಹಾಕಿ, ಬಿದಿರು ತಾನಾಗಿ ಹೋದ ದಾರಿಯಲ್ಲೇ ಪೆನ್ಸಿಲು ಎಳೆದರು. ಕತ್ತರಿಸಿ ನಿಲ್ಲಿಸಿದ ಮೇಲೆ ದೂರದಿಂದ ನೋಡಿದರೆ ಆ ಬಾಗಿನಲ್ಲಿ ಎಲ್ಲೂ ಮುರುಕು ಕಾಣಲಿಲ್ಲ.

ಕಮಾನು ಗಾಡಿಯ ಕಮಾನು ಬಾಗಿಸಿದ್ದೂ ಇಂಥ ದಬ್ಬೆಯಿಂದಲೇ. ನಮ್ಮ ಹಿರಿಯರಿಗೆ ಮಲಗುವ ಬಂಡಿ ಹೊಸತಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ದಂಡೆಯ ಷಷ್ಠಿ ಜಾತ್ರೆಗೆ, ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋಗುವಾಗ ರಾತ್ರಿ ದಾರಿಯಲ್ಲೇ ತಂಗಬೇಕಿತ್ತು. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ, ತಲೆಯ ಮೇಲೆ ಬಿದಿರು ತಟ್ಟಿ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಮೂರು ಕಲ್ಲು ಹೂಡಿದರೆ ಒಲೆ. ಹೆಂಗಸರು ಮಕ್ಕಳು ಗಾಡಿಯಲ್ಲಿ, ಗಂಡಸರು ಗಾಡಿಯಡಿಯಲ್ಲಿ. ಚಕ್ರಕ್ಕೆ ಜಾಲಿ ಮರ; ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಅದಕ್ಕೆ ತೊಡಿಸಿ ನೀರು ಸುರಿದರೆ ಪಟ್ಟಿ ಕುಗ್ಗಿ ಅಷ್ಟೂ ಕೀಲುಗಳನ್ನು ಒಂದೇ ಬಿಗಿಗೆ ತರುತ್ತಿತ್ತು. ಇಷ್ಟು ತಿಳಿದ ಜನ ಹನಿಯಾಕಾರದ ಗೂಡಿನ ಮುಂದೆ ಅಪರಿಚಿತರಾಗಿ ನಿಲ್ಲಬೇಕಾಗಿಲ್ಲ. ಕೊರವಂಗಲದ ಬೂಚೇಶ್ವರ ಗುಡಿ 1173ರದ್ದು, ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಬೂಚಿರಾಜ ಕಟ್ಟಿಸಿದ್ದು. ಬಳಪದ ಕಲ್ಲನ್ನು ಮರದಂತೆ ಕಡೆದ ಅದರ ಕಂಬಗಳನ್ನು ನೋಡುತ್ತ ಬೆಳೆದವರಿಗೆ ಬಾಗಿನ ಬೆಲೆ ತಿಳಿದಿರುತ್ತದೆ ಎಂದೇ ನನ್ನ ನಂಬಿಕೆ.

ಹೊಸತನ್ನು ಆಚಾರ್ರೂ ಕಲಿತರು. ಇಡೀ ಮರಕ್ಕಿಲ್ಲದ ದೌರ್ಬಲ್ಯವೊಂದು ಪ್ಲೈವುಡ್‌ಗಿದೆ: ಕತ್ತರಿಸಿದ ಅಂಚಿನಿಂದ ಪದರಗಳ ನಡುವೆ ನೀರು ಇಳಿದರೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಐಎಸ್ 710 ಗುರುತಿನ ಮರೈನ್ ಪ್ಲೈ ತರಬೇಕು, ಪ್ರತಿಯೊಂದು ಅಂಚಿಗೂ, ಪ್ರತಿಯೊಂದು ಸ್ಕ್ರೂ ತೂತಿಗೂ ಎಪಾಕ್ಸಿ ಕುಡಿಸಬೇಕು. ಆಷಾಢದ ಸೋನೆಗೆ ನಿಲ್ಲುವುದು ಹೀಗೆ ಕಟ್ಟಿದ್ದು ಮಾತ್ರ. ಗಾಳಿಕಿಂಡಿ ಎರಡು ಬೇಕೇ ಬೇಕು, ಒಂದು ಕೆಳಗೆ, ಒಂದು ಮೇಲೆ. ಒಳಗೆ ಒಲೆ ಹಚ್ಚುವುದು, ಕೆಂಡ ಇಟ್ಟುಕೊಳ್ಳುವುದು ಪ್ರಾಣಕ್ಕೇ ಅಪಾಯ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿನಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ನೋಂದಣಿಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ಟ್ರ್ಯಾಕ್ಟರಿಗೊಂದು, ಅದರ ಟ್ರೇಲರಿಗೊಂದು ಬೇರೆ ಬೇರೆ ನಂಬರು ಇರುವುದನ್ನು ನಮ್ಮ ಕಡೆ ದಿನಾ ನೋಡುತ್ತೇವೆ. ಆದ್ದರಿಂದ ಮೊದಲ ಹೆಜ್ಜೆ ಆರ್‌ಟಿಒ ಕಚೇರಿಗೆ, ಮರದ ಅಂಗಡಿಗೆ ಆಮೇಲೆ. ನಿಮ್ಮ ಕಾರು ಎಷ್ಟು ಭಾರ ಎಳೆಯಬಹುದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಟ್ರೇಲರ್ ಓಡುವಾಗ ಅದರೊಳಗೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಖಂಡಿತ ಬೇಡ.

ಗಾಡಿ ಮಾಡಿದ ಆಚಾರ್ರುಗಳು ಈಗ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದಾರೆ. ಅಚ್ಚು ಎಲ್ಲಿ ಕೂರಬೇಕೆಂದು ಅವರನ್ನು ಕೇಳುವವರಿಲ್ಲ. ಹೊಳೆನರಸೀಪುರವೋ ಅರಕಲಗೂಡೋ, ನಿಮ್ಮೂರಿನಲ್ಲೂ ಅಂಥವರು ಒಬ್ಬರಾದರೂ ಇದ್ದಾರು. ಇಂಥದ್ದೊಂದು ಕಟ್ಟುವ ಆಸೆ ನಿಮಗಿದ್ದರೆ ಫೋನಿನ ನಕ್ಷೆಯನ್ನು ಅವರ ಮುಂದೆ ಹಿಡಿಯಿರಿ, ಕೂಲಿಯನ್ನು ಧಾರಾಳವಾಗಿ ಕೊಡಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.