ಕಲ್ಲೆಂದುಕೊಂಡದ್ದು

ಮೈಸೂರಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ರಂಗನತಿಟ್ಟಿಗೆ ಹೋಗುತ್ತಿದ್ದುದು ನೆಂಟರು ಬಂದಾಗ ಮಾತ್ರ, ಅದೂ ಬುತ್ತಿಯ ಕಾವಲಿಗೆ. 1940ರಲ್ಲಿ ಸಲೀಂ ಅಲಿಯವರು ಅರಸರಿಗೆ ಹೇಳಿ ಪಕ್ಷಿಧಾಮ ಮಾಡಿಸಿದ ಜಾಗವದು. ಈ ಸಲ ಸೊಸೆ ಹಟ ಹಿಡಿದು ದೋಣಿ ಹತ್ತಿಸಿದಳು.

ಹುಟ್ಟು ಹಾಕುವವನು ಹಕ್ಕಿಗಳನ್ನು ಮನೆಮಂದಿಯಂತೆ ಪರಿಚಯಿಸುತ್ತಿದ್ದ. ಚಮಚದ ಕೊಕ್ಕಿನ ಹಕ್ಕಿ ನೀರು ಕಲಕಿ ಮೀನು ಹುಡುಕುವುದನ್ನು ಕೈಯಾಡಿಸಿ ತೋರಿಸಿದ. ಥೇಟ್ ಸಾರಿಗೆ ಸೌಟು ಆಡಿಸಿದ ಹಾಗೆ! ಬಣ್ಣದ ಕೊಕ್ಕರೆಗಳಲ್ಲಿ ಗಂಡೂ ಸರದಿಯಲ್ಲಿ ಮೊಟ್ಟೆಗೆ ಕಾವು ಕೂರುತ್ತದಂತೆ. ಸೊಸೆ ನನ್ನತ್ತ ನೋಡಿ ನಕ್ಕಳು. ನನ್ನ ಮಗನ ಸುದ್ದಿ ಅಲ್ಲೇಕೆ, ಬಿಡಿ.

ನನಗೋ ಎಲ್ಲವೂ ಬಿಳಿ ಮಸುಕು. ಆದರೂ ಹೂಂಗುಟ್ಟುತ್ತಿದ್ದೆ. "ಆ ಕಲ್ಲಿನ ಮೇಲೆ ಒಂದು ಹಕ್ಕಿಯೂ ಕೂತಿಲ್ಲವಲ್ಲಪ್ಪ" ಎಂದೆ.

ಹುಟ್ಟು ನಿಂತಿತು. "ಅವ್ವಾ, ಅದು ಕಲ್ಲಲ್ಲ, ಮೊಸಳೆ. ನಮ್ಮವ್ವನೂ ಹಿಂಗೇ ಅಂತಿದ್ಲು. ಕಣ್ಣಿನ ಪೊರೆ ತೆಗೆಸಿದ್ಮೇಲೆ ಈಗ ಹೊಲಕ್ಕೆ ಹೋಯ್ತಾವ್ಳೆ."

ಆಪರೇಷನ್ನಿಗೆ ಹೆದರಿ ಎರಡು ವರ್ಷ ಮನೆಯವರಿಂದ ಮುಚ್ಚಿಟ್ಟಿದ್ದೆ. ಅನ್ನದಲ್ಲಿ ಕಲ್ಲು ಸಿಕ್ಕಿದಾಗಲೆಲ್ಲ ಅಂಗಡಿಯವನನ್ನು ಬಯ್ದುಕೊಂಡು. ಸೊಸೆ ಏನೂ ಕೇಳಲಿಲ್ಲ, ನನ್ನ ಕೈ ಹಿಡಿದು ಕೂತಳು. ದಡಕ್ಕೆ ಬಂದಾಗ, "ಸೋಮವಾರ ರಜೆ ಹಾಕುತ್ತೇನೆ ಅತ್ತೆ" ಎಂದಳಷ್ಟೆ.

ಮೊಸಳೆ ಇನ್ನೂ ಬಾಯಿ ತೆರೆದೇ ಮಲಗಿತ್ತಂತೆ. ನಾನು ತಿರುಗಿ ನೋಡಿದೆ. ಕಲ್ಲೇ ಕಂಡಿತು.