ಮುಂಬಯಿಯ ಮ್ಯೂಸಿಯಂನಲ್ಲಿ ಬಿಜಾಪುರದ ಕಮಾನು

ಮುಂಬಯಿಗೆ ಹೋದವರು ಗೇಟ್‌ವೇ ಆಫ್ ಇಂಡಿಯಾ ನೋಡದೆ ಬರುವುದಿಲ್ಲ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೂ ಹಲವರು ಹೋಗುತ್ತಾರೆ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನು ಬಗ್ಗಿ ನೋಡುವವರಲ್ಲಿ ಎಷ್ಟು ಮಂದಿ ಕಟ್ಟಡವನ್ನೇ ತಲೆ ಎತ್ತಿ ನೋಡುತ್ತಾರೆ? ಕನ್ನಡಿಗರಂತೂ ನೋಡಲೇಬೇಕು.

1905ರ ನವೆಂಬರ್ 11ರಂದು, ಮುಂದೆ ಐದನೆಯ ಜಾರ್ಜ್ ಎನಿಸಿದ ವೇಲ್ಸ್ ರಾಜಕುಮಾರ ಇದಕ್ಕೆ ಅಡಿಗಲ್ಲು ಹಾಕಿದ. 1909ರ ಸ್ಪರ್ಧೆಯಲ್ಲಿ ಜಾರ್ಜ್ ವಿಟೆಟ್‌ನ ನಕ್ಷೆ ಆಯ್ಕೆಯಾಯಿತು. ಗೇಟ್‌ವೇಯ ವಾಸ್ತುಶಿಲ್ಪಿಯೂ ಈತನೇ. 1914ರಲ್ಲಿ ಕಟ್ಟಡವೇನೋ ಮುಗಿಯಿತು. ಅಷ್ಟರಲ್ಲಿ ಮಹಾಯುದ್ಧ ಬಂತು. ವಿಗ್ರಹಗಳು ಬರಬೇಕಾಗಿದ್ದ ಕೋಣೆಗಳಿಗೆ ಗಾಯಾಳು ಸೈನಿಕರು ಬಂದರು. ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 1922ರ ಜನವರಿ 10ರಂದು. ‘ಪ್ರಿನ್ಸ್ ಆಫ್ ವೇಲ್ಸ್’ ಹೆಸರು ಹೋಗಿ ಈಗಿನ ಹೆಸರು ಬಂದದ್ದು 1998ರಲ್ಲಿ.

ಗೋಡೆಗಳಿಗೆ ಕುರ್ಲಾದ ಬೂದುಬಣ್ಣದ ಬಸಾಲ್ಟ್, ಮಲಾಡಿನ ಹಳದಿ ಛಾಯೆಯ ಕಲ್ಲು. ಎರಡೂ ಜ್ವಾಲಾಮುಖಿಯ ಮಕ್ಕಳೇ. ಒಳಗೆ ಮರಾಠಿ ವಾಡೆಯ ಮರದ ಕಂಬ, ಮೊಗಸಾಲೆ. ಒಳಕಮಾನುಗಳಿಗೆ ಮಾತ್ರ ವಿಟೆಟ್ ಮಾದರಿಯಾಗಿ ಆರಿಸಿಕೊಂಡದ್ದು ಬಿಜಾಪುರದ, ಎಂದರೆ ಇಂದಿನ ವಿಜಯಪುರದ, ಗೋಳಗುಮ್ಮಟವನ್ನು.

ಆ ಕಮಾನುಗಳಲ್ಲಿ ಅಂಥದ್ದೇನಿದೆ? 1656ರಲ್ಲಿ ಮುಗಿದ ಗೋಳಗುಮ್ಮಟದ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಬಿಜಾಪುರದ ಕುಶಲಕರ್ಮಿಗಳು ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಎಬ್ಬಿಸಿದರು. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿಟ್ಟಾಗ ಮೂಡುವ ನಕ್ಷತ್ರದ ಆಕಾರವನ್ನು ನೆನೆಯಿರಿ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ಭಾರ ಒಳಕ್ಕೆ ಜಗ್ಗುತ್ತದೆ. ಎರಡು ಬಲಗಳೂ ಸರಿತೂಗಿ, ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ನಿಂತಿದೆ.

ನಾವು ಗೋಳಗುಮ್ಮಟಕ್ಕೆ ಹೋದರೆ ಮಾಡುವುದೇನು? ಪಿಸುಗುಟ್ಟುವ ಮೊಗಸಾಲೆ ಹತ್ತಿ ಕೂಗುತ್ತೇವೆ, ಪ್ರತಿಧ್ವನಿ ಎಣಿಸುತ್ತೇವೆ, ಇಳಿದು ಬರುತ್ತೇವೆ. ಪ್ರವಾಸಕ್ಕೆ ಬಂದ ಮಕ್ಕಳಿಗೂ ಅಷ್ಟನ್ನೇ ತೋರಿಸುತ್ತೇವೆ. ಸ್ಕಾಟ್ಲೆಂಡಿನಿಂದ ಬಂದ ವಿಟೆಟ್‌ಗೆ ಕಂಡ ಕೈಚಳಕ ನಮ್ಮ ಮಕ್ಕಳಿಗೆ ಕಾಣದೆ ಹೋಗಬಾರದು. ಪ್ರತಿಧ್ವನಿ ಕೇಳಲಿ, ಬೇಡವೆನ್ನುವುದಿಲ್ಲ. ಆದರೆ ಮೇಲೆ ಹತ್ತುವ ಮುನ್ನ ಕೋಣೆಯ ನಡುವೆ ಎರಡು ನಿಮಿಷ ನಿಲ್ಲಿಸಿ, ಕಮಾನುಗಳನ್ನು ಎಣಿಸಲು ಹೇಳಿ. ಅಷ್ಟು ಎಣಿಸಿದ ಮಗು ಮುಂದೊಂದು ದಿನ ಮುಂಬಯಿಗೆ ಹೋದಾಗ ಯಾರೂ ಹೇಳದೆಯೇ ತಲೆ ಎತ್ತುತ್ತದೆ.