ಐದನೆಯ ಸೆಂಟರ್‌ಬ್ಯಾಕ್

ಸಂಘದ ಕಾರ್ಯದರ್ಶಿಗಳು "ಎಲ್ಲರೂ ಕವನವನ್ನೇ ಕೊಟ್ಟಿದ್ದಾರೆ ಮಾರಾಯಾ, ನೀನಾದರೂ ಗದ್ಯ ಬರಿ" ಎಂದರು. ಕವನ ನನ್ನಿಂದ ಹೇಗೂ ಆಗದು. ಹತ್ತನೆಯ ತರಗತಿಯವರೆಗೆ ಬೆಳಗಾವಿ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಮುಂಬಯಿಗೆ ಅಪ್ಪನ ಬಳಿ ಬಂದು ಕಾಮರ್ಸ್ ಸೇರಿದವನು ನಾನು. ನನಗೆ ಅಷ್ಟೋ ಇಷ್ಟೋ ಬರುವುದು ಲೆಕ್ಕ. ಆದ್ದರಿಂದ ಇದನ್ನೂ ಒಂದು ಲೆಕ್ಕವೆಂದೇ ಓದಿಕೊಳ್ಳಿ. 2025ರ ಜೂನ್ 24ರಿಂದ ಜುಲೈ 14ರವರೆಗಿನ ಮೂರು ವಾರಗಳ ಲೆಕ್ಕ.

ನನ್ನ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಫುಟ್‌ಬಾಲ್ ಆಡುತ್ತಾನೆ. ಸೆಂಟರ್‌ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ತಡೆಯುವವನು. ಅವನಿಗೆ ಈ ಹುಚ್ಚು ಹಿಡಿದ ದಿನ ನನಗೆ ಚೆನ್ನಾಗಿ ನೆನಪಿದೆ: 2019ರ ಮಾರ್ಚ್ 17. ಇಂಡಿಯನ್ ಸೂಪರ್ ಲೀಗಿನ ಫೈನಲ್, ಬೆಂಗಳೂರು ಮತ್ತು ಗೋವಾ ನಡುವೆ. ಆದರೆ ನಡೆದದ್ದು ನಮ್ಮ ಅಂಧೇರಿಯ ಮೈದಾನದಲ್ಲಿ. ಹೆಚ್ಚುವರಿ ಅವಧಿಯ ಕೊನೆಗೆ ಒಂದು ಕಾರ್ನರ್ ಬಂತು. ರಾಹುಲ್ ಭೇಕೆ ತಲೆ ಕೊಟ್ಟ, ಗೋಲಾಯಿತು. ಬೆಂಗಳೂರಿಗೆ ಕಪ್ಪು ತಂದುಕೊಟ್ಟವನು ಮುಂಬಯಿಯ ಹುಡುಗ, ಅದೂ ಫಾರ್ವರ್ಡ್ ಅಲ್ಲ, ಡಿಫೆಂಡರ್! ಊರಿನ ಕಟ್ಟೆಯ ಮೇಲೆ ಒಂದೇ ಮೊಬೈಲಿಗೆ ಹತ್ತು ತಲೆ ಬಗ್ಗಿಸಿ ನೋಡುತ್ತಿದ್ದೆವು. ಅಣ್ಣ ಎದ್ದು ನಿಂತು, "ಬ್ಯಾಕ್ ಆಡಾವ್ರೂ ಗೋಲ್ ಹೊಡೀತಾರ ನೋಡ್ರಲೇ" ಎಂದ. ಅಲ್ಲಿಂದ ಅವನು ಓದಿನಲ್ಲಿ ಹಿಂದೆ ಬಿದ್ದ, ಆಟದಲ್ಲಿ ಮುಂದೆ ಹೋದ.

ಕರ್ನಾಟಕದವರಿಗೆ ಫುಟ್‌ಬಾಲ್ ಹೊಸದೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಗಿನ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ಆಮೇಲೆ 54 ವರ್ಷ ಕಾದು 2023ರಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದದ್ದು ನಿಮಗೂ ನೆನಪಿರಬಹುದು. ಇದನ್ನೆಲ್ಲ ನಾನು ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ಎಲ್ಲ ಕೇಳಿ, "ಆತು, ಇನ್ನೊಂದು ವರ್ಷ ಕೊಡ್ತೀನಿ. ಆಮ್ಯಾಲ ಅಂಗಡ್ಯಾಗ ಕೂಡಬೇಕು" ಎಂದರು.

ಆ ವರ್ಷದ ಕೊನೆಗೇ ಒಂದು ವೃತ್ತಿಪರ ಕ್ಲಬ್ಬಿನ ಪೂರ್ವ ಸೀಸನ್ ಶಿಬಿರಕ್ಕೆ ಅವನಿಗೆ ಕರೆ ಬಂತು. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಶಿಬಿರ ಮುಂಬಯಿಯಲ್ಲೇ, ಆರು ವಾರ. ಅಣ್ಣನಂಥ ಕರಾರಿಲ್ಲದ ಹುಡುಗರು ಆರು ಮಂದಿ, ಅವರಿಗೆ 'ಟ್ರಯಲಿಸ್ಟ್' ಎಂದು ಹೆಸರು. ಊಟ ವಸತಿ ಅವರವರದೇ. ಹೀಗೆ ಅಣ್ಣ ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆಗೆ ಬಂದ. ನನ್ನ ಕಾಲೇಜು ಮಧ್ಯಾಹ್ನದ ಪಾಳಿಯದು. ಬೆಳಿಗ್ಗೆ ನಾಲ್ಕೂವರೆಯ ಲೋಕಲ್ಲಿಗೆ ಅವನನ್ನು ಹತ್ತಿಸಿಕೊಂಡು ಹೋಗುವ ಕೆಲಸ ನನ್ನದಾಯಿತು.

ಶಿಬಿರವೆಂದರೆ ದಿನವಿಡೀ ಆಟ ಎಂದುಕೊಂಡಿದ್ದೆ. ಮೊದಲ ವಾರ ಚೆಂಡನ್ನು ಮುಟ್ಟಲೇ ಇಲ್ಲ. ರಕ್ತಪರೀಕ್ಷೆ, ಹೃದಯದ ಪರೀಕ್ಷೆ, ಚರ್ಮವನ್ನು ಚಿಮಟಿಗೆಯಂಥದ್ದರಲ್ಲಿ ಹಿಡಿದು ಕೊಬ್ಬು ಅಳೆಯುವುದು. ಆಮೇಲೆ 'ಯೋ-ಯೋ' ಪರೀಕ್ಷೆ. ಇಪ್ಪತ್ತು ಮೀಟರ್ ಹೋಗಿ ಬರಬೇಕು, ಹತ್ತು ಸೆಕೆಂಡು ಸುಧಾರಿಸಿಕೊಳ್ಳಬೇಕು, ಮತ್ತೆ ಓಡಬೇಕು. ಬೀಪ್ ಸದ್ದು ಬರಬರುತ್ತ ಬೇಗ ಬರುತ್ತದೆ. ಎರಡು ಸಲ ಗೆರೆ ಮುಟ್ಟದಿದ್ದರೆ ಹೊರಗೆ. ನಮ್ಮ ಅಮ್ಮ ಇದನ್ನು ಕೇಳಿ, "ಬರೇ ಓಡಾಕ ಇಷ್ಟು ದೂರ ಬರಬೇಕಿತ್ತೇನು?" ಎಂದು ನಕ್ಕಳು. ಆದರೆ ಮರುದಿನದಿಂದ ಅಣ್ಣನ ತಟ್ಟೆಗೆ ಎರಡರ ಬದಲು ನಾಲ್ಕು ಮೊಟ್ಟೆ ಬಿದ್ದವು. ನನ್ನ ತಟ್ಟೆಗೆ ಬೀಳುತ್ತಿದ್ದ ಒಂದು ನಿಂತುಹೋಯಿತು.

ಎರಡನೆಯ ವಾರ ಚೆಂಡು ಬಂತು. ನಾನು ಬೇಲಿಯ ಆಚೆ ಕೊಡೆ ಹಿಡಿದು ನಿಂತು, ಅಕೌಂಟ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಂಡದ ಪಟ್ಟಿ ಬರೆಯತೊಡಗಿದೆ. ಸ್ಥಾನ ಎಷ್ಟು, ಜನ ಎಷ್ಟು, ಉಳಿಯುವವರು ಯಾರು? ಗೋಲ್‌ಕೀಪರ್ ಮೂವರು ಸಾಕು. ಬಲಕ್ಕೆ ಇಬ್ಬರು, ಎಡಕ್ಕೆ ಇಬ್ಬರು. ತೊಡಕಿದ್ದದ್ದು ನಡುವಿನ ಸೆಂಟರ್‌ಬ್ಯಾಕಿನಲ್ಲಿ. 2021-22ರ ಸೀಸನ್ನಿನಲ್ಲಿ ಲೀಗಿನವರು ಮೈದಾನದಲ್ಲಿರಬಹುದಾದ ವಿದೇಶಿಯರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. ನಮ್ಮ ಹುಡುಗರಿಗೆ ಒಂದು ಜಾಗ ಹೆಚ್ಚಿತು ನಿಜ. ಆದರೆ ಕ್ಲಬ್ಬುಗಳು ಆ ನಾಲ್ಕರಲ್ಲಿ ಒಬ್ಬನನ್ನು ಗೋಲು ಹೊಡೆಯಲು, ಒಬ್ಬನನ್ನು ಗೋಲು ತಡೆಯಲು ಇಟ್ಟುಕೊಳ್ಳುವುದೇ ಹೆಚ್ಚು. ಹಾಗಾಗಿ ನಡುವೆ ಒಬ್ಬ ವಿದೇಶಿ, ಇಬ್ಬರು ಹಳಬರು, ಕರಾರಿನಲ್ಲಿದ್ದ ಒಬ್ಬ ಹುಡುಗ, ಒಟ್ಟು ನಾಲ್ವರು ಆಗಲೇ ಇದ್ದರು. ಐದನೆಯ ಜಾಗಕ್ಕೆ ಮೂವರು, ಅವರಲ್ಲಿ ಅಣ್ಣನೊಬ್ಬ. ಅವನದು ಎಡಗಾಲು. ಎಡಗಾಲಿನ ಸೆಂಟರ್‌ಬ್ಯಾಕ್ ಸಿಗುವುದು ಕಷ್ಟ. ಎಡಬದಿಯಿಂದ ಮುಂದಕ್ಕೆ ಚೆಂಡು ಕೊಡುವುದು ಅವನಿಗೆ ಸಲೀಸು. ಇದೊಂದು ಅವನ ಪರವಾಗಿತ್ತು.

ವಿರುದ್ಧವಾಗಿದ್ದದ್ದು ಇಂಗ್ಲಿಷ್. ಕೋಚ್ ವಿದೇಶದವರು. 'ಡ್ರಾಪ್', 'ಸ್ಕ್ವೀಜ್', 'ಹೋಲ್ಡ್' ಎಂದು ಕೂಗುತ್ತಿದ್ದರು. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಹಿಂದಿ ಬೆರೆಸಿ ಕೂಗಿಕೊಂಡು ಆಡಿದವನು ಅಣ್ಣ. "ನಿನಗ ಬರ್ತೈತಲ್ಲ, ಕಲಿಸೋ" ಎಂದ. ನನಗೆ ನಗುವೂ ಬಂತು, ಸಂಕಟವೂ ಆಯಿತು. ಕಾಲೇಜಿನ ಮೊದಲ ವರ್ಷ ನಾನೂ ಹೀಗೆಯೇ ಅಲ್ಲವೇ, ಪ್ರೊಫೆಸರು ಅಂದ ಶಬ್ದಗಳನ್ನು ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ರಾತ್ರಿ ಡಿಕ್ಷನರಿ ತೆರೆದು ಕೂತವನು? ನಾನೂ ಒಬ್ಬ ಟ್ರಯಲಿಸ್ಟೇ. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ರಾತ್ರಿ ಚೀಟಿ ಬರೆದುಕೊಟ್ಟೆ: ಡ್ರಾಪ್ ಅಂದರೆ ಹಿಂದೆ ಸರಿ, ಸ್ಕ್ವೀಜ್ ಅಂದರೆ ಮುಂದೆ ಒತ್ತು, ಹೋಲ್ಡ್ ಅಂದರೆ ಹಿಡಿ.

ಮೂರನೆಯ ವಾರ ಅಭ್ಯಾಸ ಪಂದ್ಯ. ಟ್ರಯಲಿಸ್ಟುಗಳ ಅಂಗಿಗೆ ನಂಬರ್ ಇರಲಿಲ್ಲ. ಅಣ್ಣನಿಗೆ ಕೊನೆಯ ಅರ್ಧ ಗಂಟೆ ಸಿಕ್ಕಿತು. ಇಪ್ಪತ್ತು ನಿಮಿಷ ಚೆನ್ನಾಗಿಯೇ ಆಡಿದ. ಆಗ ಎದುರಾಳಿಯೊಬ್ಬ ಅವನ ಪಕ್ಕದಿಂದ ನುಗ್ಗಿದ. ಗೆರೆಯಾಚೆಯಿಂದ ಕೋಚ್ "ಹೋಲ್ಡ್! ಹೋಲ್ಡ್!" ಎಂದು ಕೂಗಿದರು. ಅವರ ಅರ್ಥ, ಮುಂದೆ ನುಗ್ಗಬೇಡ, ನಿನ್ನ ಜಾಗ ಬಿಡಬೇಡ ಎಂದು. ಅಣ್ಣ ಕೈ ಚಾಚಿ ಆ ಹುಡುಗನ ಅಂಗಿ ಹಿಡಿದುಬಿಟ್ಟ. ಪೆನಾಲ್ಟಿ, ಗೋಲು.

ವಾಪಸು ಬರುವಾಗ ಲೋಕಲ್ಲಿನಲ್ಲಿ ಅವನೇ ನಕ್ಕ. "ನೀ ಬರದಿದ್ದs ಮಾಡಿದ್ನೋ ತಮ್ಮಾ" ಎಂದ. ನನಗೆ ನಗು ಬರಲಿಲ್ಲ. ಕಿಟಕಿಯ ಆಚೆಯ ಮಳೆ ನೋಡುತ್ತ ಕೂತೆ.

ಇಷ್ಟರಲ್ಲಿ ಜುಲೈ 11 ಬಂತು. ಲೀಗಿನವರು ಹೊಸ ಸೀಸನ್ನನ್ನು ತಡೆಹಿಡಿದಿರುವುದಾಗಿ ಕ್ಲಬ್ಬುಗಳಿಗೆ ತಿಳಿಸಿದರು. ರಾಷ್ಟ್ರೀಯ ಫೆಡರೇಷನ್ನು ಮತ್ತು ಲೀಗ್ ನಡೆಸುವವರ ನಡುವೆ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದಿನದು ಆಗಿರಲಿಲ್ಲ. ಡಿಸೆಂಬರ್ ಆಚೆ ಲೀಗ್ ಯಾರದು ಎಂದೇ ತಿಳಿಯದಾಗ ಸೀಸನ್ ಶುರುಮಾಡುವುದು ಹೇಗೆ? ಆಗಸ್ಟಿನಲ್ಲಿ ಬೆಂಗಳೂರಿನ ಕ್ಲಬ್ಬು ಕೂಡ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು ಎಂದರೆ ಪರಿಸ್ಥಿತಿ ಊಹಿಸಿಕೊಳ್ಳಿ. ಪೂರ್ವ ಸೀಸನ್ ಇತ್ತು, ಸೀಸನ್ನೇ ಇರಲಿಲ್ಲ!

ಜುಲೈ 14ರಂದು ಮ್ಯಾನೇಜರ್ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ನಾನು ಗೇಟಿನ ಬಳಿ ನಿಂತಿದ್ದೆ. ಅಣ್ಣ ಚೀಲ ಹೆಗಲಿಗೇರಿಸಿ ಬಂದ.

"ಏನಂದ್ರು?"

"ನಾಕು ಮಂದಿ ಸಾಕಂತ. ಐದನೇದಾವ್ನ ಈ ವರ್ಷ ತಗೊಳ್ಳೂದಿಲ್ಲಂತ."

"ಆ ಪೆನಾಲ್ಟಿ..."

"ಅದನ್ನ ಅವರು ಎತ್ತಲೇ ಇಲ್ಲ. ನೀ ಯಾಕ ಎತ್ತತಿ?"

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಸರಿಹೋಗುವುದಿಲ್ಲ. 'ತಗೊಳ್ಳೂದಿಲ್ಲ' ಎಂದು ಕೇಳಿದಾಗ ನನಗೆ ದುಃಖವಾಯಿತು. ಆದರೆ ಅದಕ್ಕೂ ಮೊದಲು, ಒಂದೇ ಒಂದು ಕ್ಷಣ, ಹಗುರವೆನಿಸಿತು. ನಾಳೆಯಿಂದ ನಾಲ್ಕೂವರೆಯ ಲೋಕಲ್ ಇಲ್ಲ, ಅಪ್ಪ ನಮ್ಮಿಬ್ಬರನ್ನು ತೂಗಿ ನೋಡುವುದಿಲ್ಲ ಎಂದು. ಮೂರು ವಾರ ಅವನ ಚೀಲ ಹೊತ್ತವನು ನಾನೇ. ಆ ಕ್ಷಣ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಪರೀಕ್ಷೆಗೆ ಓದುವಾಗ ಒಂದು ವಿಷಯ ತಿಳಿಯಿತು. ಕ್ಲಬ್ಬೊಂದು ಹಣ ಕೊಟ್ಟು ಬೇರೆ ಕ್ಲಬ್ಬಿನಿಂದ ಆಟಗಾರನನ್ನು ತಂದರೆ, ಆ ಮೊತ್ತವನ್ನು ಕಣ್ಣಿಗೆ ಕಾಣದ ಆಸ್ತಿಯೆಂದು ಲೆಕ್ಕಪುಸ್ತಕದಲ್ಲಿ ತೋರಿಸುತ್ತಾರೆ. 90 ಲಕ್ಷ ಕೊಟ್ಟು ಮೂರು ವರ್ಷದ ಕರಾರು ಮಾಡಿದರೆ ವರ್ಷಕ್ಕೆ 30 ಲಕ್ಷದಂತೆ ಸವಕಳಿ. ಆದರೆ ತಾವೇ ಬೆಳೆಸಿದ ಹುಡುಗ, ಅಥವಾ ಅಣ್ಣನಂತೆ ಚೀಲ ಹೊತ್ತು ತಾನಾಗಿ ಬಂದವನು? ಅವನಿಗೆ ಖರೀದಿ ಬೆಲೆಯೇ ಇಲ್ಲ, ಆದ್ದರಿಂದ ಪುಸ್ತಕದಲ್ಲಿ ಅವನು ಸೊನ್ನೆ. ಸೊನ್ನೆಯನ್ನು ಕಳೆದರೆ ಬಾಕಿ ಬದಲಾಗುವುದಿಲ್ಲ. ಅಲ್ಲದೆ ಐದನೆಯ ಸೆಂಟರ್‌ಬ್ಯಾಕ್ ಎಂದರೆ ವಿಮೆ ಇದ್ದಂತೆ. ಕೈಯಲ್ಲಿ ದುಡ್ಡಿಲ್ಲದಾಗ ಮನೆಯವರು ಮೊದಲು ನಿಲ್ಲಿಸುವುದು ವಿಮೆಯ ಕಂತನ್ನೇ. ಯಾರದೂ ತಪ್ಪಿಲ್ಲ. ಆದರೂ ಆ ಪುಟವನ್ನು ಓದಿ ಪುಸ್ತಕ ಮುಚ್ಚಿಟ್ಟೆ.

ಈಗ ನನ್ನ ಲೆಕ್ಕ. ಬಸ್ಸು ಹೋಗಿಬರಲು 2,000. ಬೂಟು 4,500. ಲೋಕಲ್ ಪಾಸು 350. ಮೊಟ್ಟೆ, ಹಾಲು, ಬಾಳೆಹಣ್ಣು 2,180. ಮಂಡಿಪಟ್ಟಿ, ನೋವಿನ ಸ್ಪ್ರೇ 940. ಒಟ್ಟು 9,970. ಕ್ಲಬ್ಬಿನವರು ಕೊಟ್ಟ ಪ್ರಯಾಣಭತ್ಯೆ 3,000. ನಷ್ಟ 6,970. ಅಮ್ಮ ಬಗ್ಗಿ ನೋಡಿ, "ಮನಿ ಮಗ ತಿಂದದ್ದಕ್ಕ ಲೆಕ್ಕ ಬರೀತಿಯೇನು? ಹೊಡಿ ಅದನ್ನ" ಎಂದಳು. ಮೊಟ್ಟೆ ಹೊಡೆದುಹಾಕಿದೆ, 4,790 ಉಳಿಯಿತು. ಬೂಟು ಖರ್ಚಲ್ಲ, ಆಸ್ತಿ, ಅದನ್ನೂ ತೆಗೆದೆ. ನಷ್ಟ ಬರೀ 290 ರೂಪಾಯಿ. ಪಾಸಾಗುವಂಥ ಲೆಕ್ಕವಲ್ಲ ಎಂದು ನನಗೂ ಗೊತ್ತು.

ಲೀಗು ಕೊನೆಗೂ 2026ರ ಫೆಬ್ರವರಿ 14ರಂದು ಶುರುವಾಯಿತು. ಅಂದು ರಾತ್ರಿ ಅಣ್ಣನ ಫೋನು ಬಂತು. ಹಗಲು ಅಂಗಡಿಯಲ್ಲಿ ಕೂರುತ್ತಾನೆ, ಬೆಳಿಗ್ಗೆ ಸಂಜೆ ಆ ಬೂಟು ಹಾಕಿಕೊಂಡು ಓಡುತ್ತಾನೆ. ದೊಡ್ಡಪ್ಪ ಏನೂ ಅನ್ನುವುದಿಲ್ಲವಂತೆ.

"ಮುಂದ ಎಲ್ಲಿ ಕರದ್ರೂ ಹೋಗ್ತೀನೋ" ಎಂದ. "ಆದ್ರ ಈ ಸಲ ಇಂಗ್ಲಿಷ್ ಮಾತ್ರ ನಿನ್ನ ಕಡೆ ಕಲಿಯಂಗಿಲ್ಲ."

ನಾನು ನೋಟ್‌ಬುಕ್ಕು ತೆಗೆದು, ಹಿಂದಿನ ಹಾಳೆಯ ಆ ಚೀಟಿಯ ನಕಲಿನಲ್ಲಿ 'ಹಿಡಿ' ಎಂಬುದನ್ನು ಹೊಡೆದು, 'ಜಾಗ ಬಿಡಬೇಡ' ಎಂದು ಬರೆದೆ.